ಅತ್ತೆಯ ಬಾಯಲ್ಲಿ ಉಳಿದ ಮಾತು

ಅತ್ತೆಗೆ ಮಾತು ಮರಳಿ ಬಂದದ್ದು ಒಂದು ಬೆಳಿಗ್ಗೆ, ಗಂಜಿಯ ಚಮಚ ಇನ್ನೂ ತುಟಿಯ ಹತ್ತಿರ ಇದ್ದಾಗ. ಮಿದುಳಿನಲ್ಲಿ ರಕ್ತ ಕಟ್ಟಿ ಬಲಗೈ, ಬಲಗಾಲು ಸೋತಿದ್ದವು, ನಾಲಿಗೆಯೂ ಬಿದ್ದುಹೋಗಿತ್ತು. ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ಎಲ್ಲರೂ ಅವರ ಬಾಯಿಯನ್ನೇ ಕಾಯುತ್ತಿದ್ದರು. ಒಂದು ಕಾಲಕ್ಕೆ ಆ ಬಾಯಿಗೆ ಹೆದರಿ ಬೀದಿಯ ತರಕಾರಿಯವನು ತಕ್ಕಡಿಯನ್ನು ಸ್ವಲ್ಪ ಧಾರಾಳವಾಗಿಯೇ ಬಗ್ಗಿಸುತ್ತಿದ್ದ. ಈಗ ಅದರಿಂದ ಒಂದು ಮಾತು ಹೊರಟರೆ ಸಾಕೆಂದು ಮನೆಯವರು ಹಾತೊರೆಯುತ್ತಿದ್ದರು.

ಅವತ್ತು ಸೊಸೆ ಚಮಚ ಎತ್ತಿದಳು. ಅತ್ತೆ ಅವಳ ಮುಖವನ್ನು ನೆಟ್ಟ ನೋಟದಿಂದ ನೋಡಿ, ತುಟಿಯನ್ನು ಕಷ್ಟಪಟ್ಟು ಕೂಡಿಸಿ ಬಿಡಿಸಿ, "ಹಗೆ" ಎಂದರು.

ಮಾವ ಓದುತ್ತಿದ್ದ ಪೇಪರನ್ನು ಮಡಿಲಿಗೆ ಇಳಿಸಿದರು. ಬೂಟಿನ ಲೇಸು ಕಟ್ಟುತ್ತಿದ್ದ ಗಂಡ ಹಾಗೆಯೇ ತಲೆಯೆತ್ತಿದ.

"ಹೊಗೆ ಅಂದ್ಲು ಕಣೇ ಅಮ್ಮ! ಒಲೆ ಮೇಲೆ ಏನೋ ಹತ್ತಿದೆ, ಓಡು ನೋಡು," ಎಂದ ಗಂಡ.

ಸೊಸೆ ಓಡಿದಳು. ಒಲೆ ಆರಿತ್ತು. ಪಾತ್ರೆ ಸಿಂಕಿನಲ್ಲಿತ್ತು. ವಾಪಸು ಬಂದು ಹಾಸಿಗೆಯ ಪಕ್ಕ ಕೂತಳು. ಅತ್ತೆ ಮತ್ತೆ ಅವಳನ್ನೇ ನೋಡಿ, ಈ ಸಲ ಯಾರಿಗೂ ಅನುಮಾನ ಉಳಿಯದ ಹಾಗೆ, "ಹಗೆ" ಎಂದರು. ಆಮೇಲೆ ಬಾಯಿ ತೆರೆದು ಗಂಜಿ ಕುಡಿದರು.

"ಸರಿ, ಮಾತಂತೂ ಬಂತಲ್ಲ," ಎಂದ ಗಂಡ, ಎಲ್ಲರ ಮುಖವನ್ನೂ ಒಂದೊಂದು ಸಲ ನೋಡಿ. ಅವನು ಲಿಫ್ಟ್ ರಿಪೇರಿಯವನು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರಿಗೆ ಹೊರಗಿನಿಂದ ಧೈರ್ಯ ಹೇಳಿ ಅಭ್ಯಾಸವಿತ್ತು. ಮನೆಯಲ್ಲೂ ಅದೇ ದನಿ.

ಸೊಸೆ ಕನ್ನಡಕದ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸಕ್ಕಿದ್ದಳು. ಅವತ್ತು ಇಡೀ ದಿನ ಯಂತ್ರದ ಕಲ್ಲು ತಿರುಗುವ ಸದ್ದಿನಲ್ಲೂ ಅವಳಿಗೆ ಆ ಒಂದು ಮಾತೇ ಕೇಳಿಸಿತು.

ಮುಂದಿನ ವಾರಗಳಲ್ಲಿ ಮನೆಯವರು ಆ ಮಾತಿಗೆ ಅರ್ಥ ಹುಡುಕುವುದನ್ನೇ ಒಂದು ಕಸುಬು ಮಾಡಿಕೊಂಡರು. "ಹಗ್ಗ ಇರಬಹುದು," ಎಂದು ಗಂಡ ಬಟ್ಟೆ ಒಣಗಿಸುವ ಹಗ್ಗವನ್ನೇ ಬಿಚ್ಚಿ ತಂದು ಅಮ್ಮನ ಮುಂದೆ ಹಿಡಿದ. ಅತ್ತೆ ಮಗನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು. ಒದ್ದೆ ಬಟ್ಟೆಗಳು ಸಂಜೆಯವರೆಗೂ ಕುರ್ಚಿಗಳ ಬೆನ್ನ ಮೇಲೆ ಬಿದ್ದಿದ್ದವು. "ಹಗಲು ಅಂತಿದ್ದಾಳೆ, ಬೆಳಕು ಬೇಕೇನೋ," ಎಂದು ಮಾವ ಕಿಟಕಿಯ ಪರದೆ ಸರಿಸಿದರು. ಬಿಸಿಲು ಕಣ್ಣಿಗೆ ಹೊಡೆದು ಅತ್ತೆ ಮುಖ ಸಿಂಡರಿಸಿ, "ಬೇಡ" ಎಂದರು.

ಅದು ಎರಡನೆಯ ಮಾತು. ಅದರ ಹಿಂದೆ "ನೀರು" ಬಂತು, "ಆಮೇಲೆ" ಬಂತು, "ಹೋಗು" ಬಂತು. ಮೊಮ್ಮಗಳನ್ನು ಕಂಡರೆ "ಚೂ" ಎನ್ನುತ್ತಿದ್ದರು. ಚೂಟಿ ಎಂದು ಅವಳಿಗೆ ಹೆಸರಿಟ್ಟವರು ಅವರೇ. ಹೈಸ್ಕೂಲಿಗೆ ಹೋದರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಒಬ್ಬೊಬ್ಬರಿಗೂ ಏನೋ ಒಂದು ಮಾತು ಸಿಗುತ್ತಿತ್ತು. ಸೊಸೆ ಕೋಣೆಗೆ ಕಾಲಿಟ್ಟರೆ ಮಾತ್ರ ಅದೇ ಒಂದು. ಹಾಸಿಗೆ ಬದಲಿಸುವಾಗ ಹಗೆ, ತಲೆ ಬಾಚುವಾಗ ಹಗೆ, ಸ್ನಾನದ ನೀರಿನ ಬಿಸಿ ನೋಡುವಾಗ ಹಗೆ. ಕೆಲವು ಸಲ ಮೆಲ್ಲಗೆ, ಕೆಲವು ಸಲ ಗೋಡೆಯಾಚೆಯ ಮನೆಗೂ ಕೇಳುವ ಹಾಗೆ.

ಮಾತು ಕಲಿಸಲು ಬರುತ್ತಿದ್ದ ಹುಡುಗಿಯನ್ನು ಸೊಸೆ ಮೆಟ್ಟಿಲ ಹತ್ತಿರ ತಡೆದು ಕೇಳಿದಳು.

"ಹೀಗಾಗತ್ತೆ," ಎಂದಳು ಆಕೆ. "ಒಂದು ಪದ ಸಿಕ್ಕಿಹಾಕಿಕೊಳ್ಳತ್ತೆ. ಅವರು ಹೇಳ್ಬೇಕು ಅಂದ್ಕೊಂಡಿದ್ದು ಒಂದು, ಬಾಯಿಗೆ ಬರೋದು ಇನ್ನೊಂದು. ಮನಸ್ಸಿಗೆ ಹಚ್ಕೋಬೇಡಿ."

"ಹಾಗಾದ್ರೆ ಎಲ್ಲರಿಗೂ ಅದೇ ಅನ್ಬೇಕಲ್ವಾ? ನನಗೊಬ್ಬಳಿಗೇ ಯಾಕೆ?"

ಹುಡುಗಿ ಸ್ವಲ್ಪ ಯೋಚಿಸಿದಳು. "ಅದು ನನಗೂ ಗೊತ್ತಿಲ್ಲ ಅಕ್ಕ," ಎಂದು ಚಪ್ಪಲಿ ಮೆಟ್ಟಿ ಇಳಿದುಹೋದಳು.

ಸೊಸೆ ಮನಸ್ಸಿಗೆ ಹಚ್ಚಿಕೊಳ್ಳಲು ಕಾರಣವಿತ್ತು. ಅವಳು ಈ ಮನೆಗೆ ಬಂದ ಮೊದಲ ವರ್ಷಗಳಲ್ಲಿ ಅತ್ತೆ ಸೊಸೆಯರಿಗೆ ಒಬ್ಬರ ಮುಖ ಒಬ್ಬರು ಕಂಡರೆ ಆಗುತ್ತಿರಲಿಲ್ಲ. ಅತ್ತೆ ಅಂಗಡಿಗಳಿಗೆ ಪರದೆ ಹೊಲಿದುಕೊಡುವವರು, ದಿನವಿಡೀ ಮನೆಯಲ್ಲೇ ಯಂತ್ರದ ಮುಂದೆ ಕೂತವರು. ಚೂಟಿ ಹುಟ್ಟಿ ಇನ್ನೂ ಕುತ್ತಿಗೆ ನಿಲ್ಲುವ ಮುಂಚೆಯೇ ಸೊಸೆ ಕೆಲಸಕ್ಕೆ ಹೊರಟಾಗ, "ನಾನೇನು ನಿನ್ನ ಆಯಾನಾ?" ಎಂದು ಶುರುವಾದದ್ದು ಎಲ್ಲೆಲ್ಲಿಗೋ ಹೋಯಿತು. ಕೊನೆಗೆ ಒಂದೇ ಅಡುಗೆಮನೆಯಲ್ಲಿ ಎರಡು ಒಲೆ ಹೂಡಿದರು. ಈ ಒಲೆಯ ಮೇಲೆ ಅತ್ತೆಯ ಸಾರು, ಆ ಒಲೆಯ ಮೇಲೆ ಸೊಸೆಯ ಪಲ್ಯ. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಒಗ್ಗರಣೆ ಹಾಕುತ್ತಿದ್ದರು. ಮಾವ ಮತ್ತು ಗಂಡ ಶಾಂತಿಗಾಗಿ ಎರಡೂ ಕಡೆಯದನ್ನು ಉಂಡು ಹೊಟ್ಟೆ ಬೆಳೆಸಿಕೊಂಡರು. ಆಮೇಲೆ ಒಂದು ದಿನ ಒಂದು ಒಲೆ ಕೆಟ್ಟಿತು. ಯಾರೂ ಅದನ್ನು ರಿಪೇರಿಗೆ ಕೊಡಲಿಲ್ಲ. ಕ್ಷಮಿಸು ಎಂದು ಯಾರೂ ಯಾರಿಗೂ ಹೇಳಲಿಲ್ಲ. ಒಂದೇ ಒಲೆಯ ಮೇಲೆ ಅಡುಗೆ ನಡೆಯಿತು, ಕೂಸು ಬೆಳೆಯಿತು, ಅತ್ತೆಯ ಕೂದಲು ನೆರೆಯಿತು. ಮುಗಿದುಹೋಯಿತು ಎಂದು ಸೊಸೆ ಅಂದುಕೊಂಡಿದ್ದಳು. ಮುಗಿದಿತ್ತೋ, ಬರೀ ಒಲೆ ಕೆಟ್ಟಿತ್ತೋ ಎಂದು ಈಗ ಅವಳಿಗೇ ತಿಳಿಯದಾಯಿತು.

ನಾದಿನಿ ಒಂದು ಭಾನುವಾರ ಬಂದಳು. ಅವಳು ಕಾರು ಓಡಿಸುವುದನ್ನು ಕಲಿಸುವವಳು. ಪಕ್ಕದಲ್ಲಿ ಕೂತು ಇನ್ನೊಬ್ಬರ ಬ್ರೇಕ್ ತಾನು ಒತ್ತುವ ಅಭ್ಯಾಸ ಎಲ್ಲೆಡೆಯೂ ಅವಳ ಜೊತೆಗೇ ಬರುತ್ತಿತ್ತು. ಅಮ್ಮನ ಹಾಸಿಗೆಯ ಪಕ್ಕ ಕೂತು ಕೈ ನೀವುತ್ತಿದ್ದಾಗ ಸೊಸೆ ಹಣ್ಣು ಹೆಚ್ಚಿಕೊಂಡು ಒಳಗೆ ಬಂದಳು.

"ಹಗೆ," ಎಂದರು ಅತ್ತೆ.

ನಾದಿನಿಯ ಕೈ ನಿಂತಿತು. "ಏನಂದ್ಲು ಅಮ್ಮ?"

"ಅದೇ, ಈಗೀಗ..." ಎಂದ ಗಂಡ.

"ಎಷ್ಟು ದಿನದಿಂದ ಹೀಗಂತಿದ್ದಾಳೆ? ನನಗ್ಯಾಕೆ ಹೇಳಲಿಲ್ಲ? ಅತ್ತಿಗೆ, ನೀವು ಅಮ್ಮಂಗೆ ಏನು ಮಾಡಿದ್ರಿ?"

"ನಾನೇನು ಮಾಡ್ಲಿ? ಹೊರಳಿಸ್ತೀನಿ, ತೊಳೀತೀನಿ, ತಿನ್ನಿಸ್ತೀನಿ."

"ಸುಮ್ಸುಮ್ನೆ ಯಾರಾದ್ರೂ ಹಗೆ ಅಂತಾರಾ? ನಾಲಿಗೆ ಸೋತೋರು ಅಷ್ಟು ಕಷ್ಟಪಟ್ಟು ಒಂದು ಮಾತು ಆಡ್ತಾರೆ ಅಂದ್ರೆ ಎಷ್ಟು ನೊಂದಿರ್ಬೇಕು!"

"ಏ, ಸುಮ್ನಿರೇ," ಎಂದ ಗಂಡ. "ಮಾತು ಕಲಿಸೋ ಹುಡುಗಿ ಹೇಳಿದಾಳೆ, ಪದ ಸಿಕ್ಕಿಹಾಕಿಕೊಳ್ಳತ್ತಂತೆ."

"ಲಿಫ್ಟಾ ಅದು ಸಿಕ್ಕಿಹಾಕಿಕೊಳ್ಳೋಕೆ?"

ಸೊಸೆ ಹಣ್ಣಿನ ತಟ್ಟೆಯನ್ನು ಸ್ಟೂಲಿನ ಮೇಲೆ ಕುಕ್ಕಿದಳು. "ಹಾಗಿದ್ರೆ ನೀನೇ ನೋಡ್ಕೋ. ನನಗೂ ಸಾಕಾಗಿದೆ, ದಿನಾ ಬೆಳಿಗ್ಗೆ ಎದ್ದು ಬೈಸಿಕೊಂಡು ಕೆಲಸಕ್ಕೆ ಹೋಗೋದು."

ಆ ಮಾತು ಬಾಯಿಂದ ಜಾರಿದ ಮೇಲೆ ಅವಳಿಗೇ ಗಾಬರಿಯಾಯಿತು. ಅತ್ತೆಯತ್ತ ತಿರುಗಿದಳು. ಅವರು ತಟ್ಟೆಯಲ್ಲಿದ್ದ ಹಣ್ಣನ್ನೇ ನೋಡುತ್ತಿದ್ದರು.

ಊಟದ ಹೊತ್ತಿಗೆ ನಾದಿನಿಯ ಗಂಡನೂ ಬಂದು ಸೇರಿದ. ಎಲ್ಲರೂ ಮೇಜಿನ ಸುತ್ತ ಮುಖ ಊದಿಸಿಕೊಂಡು ಕೂತಿದ್ದಾಗ ಮಾವ ಒಳಗಿನಿಂದ ದಪ್ಪ ನಿಘಂಟೊಂದನ್ನು ಎತ್ತಿಕೊಂಡು ಬಂದರು. ಅವರು ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಮನೆಗೆ ಏನೇ ಕಷ್ಟ ಬಂದರೂ ಅದರ ಕಾಗುಣಿತ ಸರಿಯಿದೆಯೇ ಎಂದು ಮೊದಲು ನೋಡುವ ಸ್ವಭಾವ.

"ನೋಡಿ, ಈ ಮಾತು ಹಳೇ ಕಾಲದಲ್ಲಿ ‘ಪಗೆ’ ಅಂತಿತ್ತು," ಎಂದರು, ಅನ್ನದ ಪಾತ್ರೆ ಸರಿಸಿ ಪುಸ್ತಕಕ್ಕೆ ಜಾಗ ಮಾಡುತ್ತ. "ಪಕಾರ ಹೋಗಿ ಹಕಾರ ಬಂತು. ಅದರ ಬೇರು ಸೀಳು, ಎರಡಾಗು ಅನ್ನೋ ಅರ್ಥದ್ದು ಅಂತ ಬಲ್ಲವರು ಹೇಳ್ತಾರೆ. ಒಂದಾಗಿದ್ದದ್ದು ಬಿರಿದು ಬೇರೆಯಾದ್ರೆ ಹಗೆ. ಹಗಲು ಅನ್ನೋದೂ ಅದೇ ಬೇರಿಂದ ಬಂದದ್ದಂತೆ, ದಿನವನ್ನ ಭಾಗ ಮಾಡೋದು. ಪಾಲು ಅನ್ನೋದೂ ಅದರ ದಾಯಾದಿನೇ."

"ಅಂದ್ರೆ ಅಜ್ಜಿ ಅಮ್ಮಂಗೆ ನೀನು ನನ್ನ ಪಾಲು ಅಂತಿದ್ದಾರಾ?" ಎಂದಳು ಚೂಟಿ.

"ಹಾಗಲ್ಲ ಮಗು. ಮಾತು ಎಲ್ಲಿಂದ ಹೊರಟಿತು ಅನ್ನೋದು ಬೇರೆ, ಎಲ್ಲಿಗೆ ಬಂದು ಮುಟ್ಟಿತು ಅನ್ನೋದು ಬೇರೆ. ಆಡೋರಿಗೆ ಬೇರು ಎಲ್ಲಿ ಗೊತ್ತಿರತ್ತೆ?"

"ಮತ್ತೆ ನೀವ್ಯಾಕೆ ಅದನ್ನ ಅಗೀತಾ ಕೂತಿದ್ದೀರಿ ಅಪ್ಪ, ಇಲ್ಲಿ ಅನ್ನ ಆರ್ತಿದೆ," ಎಂದ ಗಂಡ.

"ಇನ್ನೊಂದು ಅರ್ಥ ಇದೆ, ತಡಿ. ನೆಲದಡಿ ತೋಡಿ ಧಾನ್ಯ ತುಂಬಿಡೋ ಗುಂಡಿಗೂ ಹಗೆ ಅಂತಾರೆ."

ನಾದಿನಿಯ ಗಂಡ ತುತ್ತನ್ನು ಅರ್ಧಕ್ಕೇ ನಿಲ್ಲಿಸಿದ. "ಗುಂಡೀನಾ? ಅತ್ತೆ ಏನಾದ್ರೂ ಹೂತಿಟ್ಟಿರಬಹುದಾ?"

"ಎಲ್ಲಿ ಹೂತಿಡ್ತಾರೆ ಭಾವ? ನಾವಿರೋದು ಮೂರನೇ ಮಹಡಿ," ಎಂದ ಗಂಡ. ಚೂಟಿಗೆ ನಗು ತಡೆಯಲಾಗದೆ ನೀರು ನೆತ್ತಿಗೇರಿತು. ಸೊಸೆಗೂ ನಗು ಬಂತು, ಆದರೆ ಅರ್ಧಕ್ಕೇ ನಿಂತುಬಿಟ್ಟಿತು. ಸೀಳು, ಎರಡಾಗು. ಆ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ದಿನಗಳಿಗೆ ಇದಕ್ಕಿಂತ ಸರಿಯಾದ ಮಾತು ಯಾವುದಿತ್ತು? ಮಾವ ಅವಳನ್ನು ಸಮಾಧಾನ ಮಾಡಲೆಂದೇ ಪುಸ್ತಕ ತೆರೆದಿದ್ದರು, ಪಾಪ. ಅವಳಿಗೆ ಅದರಿಂದ ಇನ್ನಷ್ಟು ಕಸಿವಿಸಿಯಾಯಿತು.

ಸಂಜೆ ನಾದಿನಿ ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವಳೂ ಅವಳೇ. ಗಂಡ ಅಮ್ಮನನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಸೊಸೆ ಔಷಧಿ, ಹಾಸುವ ಬಟ್ಟೆ, ಬಾಚಣಿಗೆ ಎಲ್ಲವನ್ನೂ ಚೀಲಕ್ಕೆ ತುಂಬಿ ಹಿಂದೆ ಹೋದಳು. ಕಾರಿನ ಬಾಗಿಲು ಮುಚ್ಚುವ ಮುಂಚೆ ಅತ್ತೆ ಏನಾದರೂ ಅನ್ನುತ್ತಾರೇನೋ ಎಂದು ನಿಂತಳು. ಅವರು ಕಣ್ಣು ಮುಚ್ಚಿದ್ದರು.

ಮನೆ ಹಗುರಾಯಿತು. ಬೆಳಿಗ್ಗೆ ಕಾಫಿಯನ್ನು ಕೂತು ಕುಡಿಯಬಹುದಾಗಿತ್ತು. ಸ್ನಾನದ ಮನೆಯಲ್ಲಿ ಬಕೆಟ್ಟುಗಳು ಖಾಲಿಯಾದವು, ಬೆನ್ನು ನೋವು ಕಡಿಮೆಯಾಯಿತು. ಅಂಗಡಿಗೆ ಹೊತ್ತಿಗೆ ಸರಿಯಾಗಿ ಹೋದಳು. ಹೋಗಿ ಒಬ್ಬ ಮೇಷ್ಟರ ಕನ್ನಡಕಕ್ಕೆ ಬಲಗಣ್ಣಿನ ಗಾಜನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಕೂರಿಸಿದಳು. ಅವರು ಅದನ್ನು ಹಾಕಿಕೊಂಡು ಬೀದಿಗಿಳಿದವರು ಗೋಡೆ ಹಿಡಿದುಕೊಂಡು ವಾಪಸು ಬಂದರು.

"ಏನಮ್ಮ, ಇಷ್ಟು ವರ್ಷದಲ್ಲಿ ಒಂದು ಸಲಾನೂ ಹೀಗೆ ಮಾಡಿಲ್ಲ ನೀನು," ಎಂದ ಅಂಗಡಿಯ ಯಜಮಾನ. "ಮನೇಲೆಲ್ಲ ಕ್ಷೇಮ ತಾನೇ?"

"ಕ್ಷೇಮ," ಎಂದಳು. ಅದು ಸುಳ್ಳಲ್ಲ. ನಿಜವೂ ಅನ್ನಿಸಲಿಲ್ಲ.

ಮನೆಯಲ್ಲಿ ಮಾವ ಮಾತು ಕಡಿಮೆ ಮಾಡಿದರು. ನಿಘಂಟು ಮೇಜಿನ ಮೇಲೆಯೇ ಬಿದ್ದಿತ್ತು, ಯಾರೂ ಒಳಗಿಡಲಿಲ್ಲ. ಗಂಡ ಪ್ರತಿ ಸಂಜೆ ತಂಗಿಗೆ ಫೋನು ಮಾಡುತ್ತಿದ್ದ.

"ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ. ಇಲ್ಲಿ ಒಂದು ಸಲಾನೂ ಆ ಮಾತು ಆಡಿಲ್ಲ ಗೊತ್ತಾ? ಅತ್ತಿಗೆಗೆ ಹೇಳು."

ಸೊಸೆ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಹೇಳುವ ಅಗತ್ಯವಿರಲಿಲ್ಲ.

ಕೆಲವು ದಿನ ಹೀಗೆ ಹೋಯಿತು. ಆಮೇಲೆ ಫೋನಿನಲ್ಲಿ ನಾದಿನಿಯ ದನಿ ತಗ್ಗಿತು. ಚೆನ್ನಾಗಿದ್ದಾಳೆ ಎಂಬುದು ಪರವಾಗಿಲ್ಲ ಎಂದಾಯಿತು, ಪರವಾಗಿಲ್ಲ ಎಂಬುದು ಇದ್ದಾಳೆ ಎಂದಾಯಿತು. ಒಂದು ಮಧ್ಯಾಹ್ನ ಅವಳೇ ಕನ್ನಡಕದ ಅಂಗಡಿಗೆ ಬಂದು, ಗಿರಾಕಿಯ ಹಾಗೆ ಗಾಜಿನ ಕೌಂಟರಿನ ಆಚೆ ನಿಂತಳು.

"ಅತ್ತಿಗೆ, ಅಮ್ಮಂಗೆ ಗಂಜಿ ಹೇಗೆ ಮಾಡ್ತೀರಿ ನೀವು?"

"ಹೇಗೆ ಅಂದ್ರೆ? ನುಚ್ಚು, ನೀರು, ಚಿಟಿಕೆ ಉಪ್ಪು."

"ಅಷ್ಟೇನಾ? ನಾನೂ ಅದೇ ಮಾಡ್ತೀನಿ."

"ಮತ್ತೇನು?"

ನಾದಿನಿ ಗಾಜಿನ ಕೆಳಗೆ ಸಾಲಾಗಿ ಇಟ್ಟಿದ್ದ ಕನ್ನಡಕಗಳನ್ನು ನೋಡಿದಳು. "ಬಾಯಿ ತೆರೀತಿಲ್ಲ. ನೀರು ಕುಡೀತಾಳೆ, ಅಷ್ಟೇ. ಮೂಗಿಗೆ ಕೊಳವೆ ಹಾಕ್ಬೇಕಾಗತ್ತೆ ಅಂದ್ರು ಡಾಕ್ಟ್ರು. ನಾನು ಇಂಥ ಕೆಲಸಕ್ಕೆ ಹೊಸಬಳು ಅತ್ತಿಗೆ. ನನ್ನ ಕೈ ಸರಿಯಿಲ್ವೇನೋ."

ಸೊಸೆ ಕೈಯ ಗಾಜಿನ ಪುಡಿ ಒರೆಸಿಕೊಂಡು ಯಜಮಾನನಿಗೆ ಹೇಳಿ ಹೊರಟಳು. ದಾರಿಯಲ್ಲಿ ಅವಳಿಗೆ ಒಂದು ಕ್ಷಣ ಖುಷಿಯಾಯಿತು, ಮರುಕ್ಷಣ ಆ ಖುಷಿಗೆ ನಾಚಿಕೆಯಾಯಿತು. ತಾನು ಹೋದ ಕೂಡಲೇ ಅತ್ತೆ ಉಣ್ಣುತ್ತಾರೆ ಎಂದು ಯಾರು ಹೇಳಿದರು? ಹಗೆಯನ್ನು ಕಂಡು ಯಾರ ಹಸಿವು ಕೆರಳುತ್ತದೆ?

ನಾದಿನಿಯ ಮನೆ ಅಚ್ಚುಕಟ್ಟಾಗಿತ್ತು. ಅತ್ತೆಗೆ ಕಿಟಕಿಯ ಪಕ್ಕ ಹೊಸ ಹಾಸಿಗೆ, ಹೊಸ ದಿಂಬು. ಅದರ ನಡುವೆ ಅತ್ತೆ ಎಷ್ಟು ಸಣ್ಣಗಾಗಿದ್ದರೆಂದರೆ ಯಾರೋ ಮಡಚಿಟ್ಟ ಬಟ್ಟೆಯ ಹಾಗೆ ಕಾಣುತ್ತಿದ್ದರು. ನಾದಿನಿ ಬಟ್ಟಲು ಹಿಡಿದು, "ಅಮ್ಮ, ನೋಡು, ಯಾರು ಬಂದಿದ್ದಾರೆ," ಎಂದಳು.

ಅತ್ತೆ ಕಣ್ಣು ತೆರೆದರು. ಬಹಳ ಹೊತ್ತು ನೋಡಿದರು. ತುಟಿ ಕೂಡಿತು, ಬಿಚ್ಚಿತು.

"ಹಗೆ."

ಸೊಸೆಯ ತಾಳ್ಮೆ ಅಲ್ಲಿಗೆ ತಪ್ಪಿತು. ಬೆಳಿಗ್ಗೆಯಿಂದ ನಿಂತ ಕಾಲು, ಮೇಷ್ಟರ ಕನ್ನಡಕ, ಫೋನಿನಲ್ಲಿ ಕೇಳಿದ ಕುಹಕ ಎಲ್ಲವೂ ಒಟ್ಟಿಗೆ ಹೊರಬಿದ್ದವು.

"ಹೌದ್ರೀ, ಹಗೆನೇ! ನಾನೇ ನಿಮ್ಮ ಹಗೆ! ಅದನ್ನ ಹೇಳೋಕಾದ್ರೂ ಮೈಯಲ್ಲಿ ತ್ರಾಣ ಬೇಡ್ವಾ? ಊಟ ಬಿಟ್ಟು ಯಾರ ಮೇಲೆ ಹಟ ಸಾಧಿಸ್ತಿದ್ದೀರಿ? ತೆಗೀರಿ ಬಾಯಿ!"

ನಾದಿನಿ ಬೆಚ್ಚಿ, "ಅತ್ತಿಗೆ..." ಎಂದಳು. ಸೊಸೆ ಅವಳ ಕೈಯಿಂದ ಬಟ್ಟಲು ಕಸಿದುಕೊಂಡು ಹಾಸಿಗೆಯ ಅಂಚಿನಲ್ಲಿ ಕೂತಳು. ಅತ್ತೆ ಅವಳನ್ನು ದುರುಗುಟ್ಟಿ ನೋಡಿದರು. ಎಡಗಣ್ಣಿನ ಪಕ್ಕ ಏನೋ ಒಂದು ಚೂರು ಅಲುಗಿತು. ಅದು ಸಿಟ್ಟೋ, ನಗುವೋ, ಅರ್ಧ ಸತ್ತ ಆ ಮುಖದಲ್ಲಿ ಹೇಳುವುದು ಕಷ್ಟ. ಬಾಯಿ ತೆರೆಯಿತು.

ಒಂದು ಚಮಚ ಹೋಯಿತು. ಇನ್ನೊಂದು ಹೋಯಿತು. ಗಲ್ಲದ ಮೇಲೆ ಇಳಿದದ್ದನ್ನು ಸೊಸೆ ಹೆಬ್ಬೆರಳಿನಿಂದ ಒರೆಸಿದಳು. "ನಿಧಾನ. ಯಾರೂ ಕಿತ್ಕೊಳ್ಳಲ್ಲ," ಎಂದಳು, ದನಿಯಲ್ಲಿ ಇನ್ನೂ ಸಿಡುಕು ಇತ್ತು.

ಬಟ್ಟಲು ಬರಿದಾದಾಗ ಹಿಂದಿನಿಂದ ಅಳು ಕೇಳಿಸಿತು. ನಾದಿನಿ ಬಾಗಿಲ ಚೌಕಟ್ಟಿಗೆ ಒರಗಿ ಅಳುತ್ತಿದ್ದಳು.

"ಉಂಡರಲ್ಲ, ಈಗ್ಯಾಕೆ ಅಳ್ತೀಯ?"

"ನನ್ನನ್ನ ಏನೂ ಅನ್ನಲಿಲ್ಲ ಅತ್ತಿಗೆ," ಎಂದಳು ನಾದಿನಿ, ಮೂಗು ಒರೆಸಿಕೊಳ್ಳುತ್ತ. "ಇಷ್ಟು ದಿನ ಪಕ್ಕದಲ್ಲೇ ಮಲಗಿದ್ದೆ. ಬೇಡ ಅಂದ್ಲು, ನೀರು ಅಂದ್ಲು. ನನ್ನ ಮುಖ ನೋಡಿ ಒಂದು ಮಾತೂ ಅನ್ನಲಿಲ್ಲ. ನನಗೆ ಅದೂ ಅನ್ನಲಿಲ್ಲ."

ಸೊಸೆ ಖಾಲಿ ಬಟ್ಟಲನ್ನು ನಾದಿನಿಯ ಕೈಗೆ ಕೊಟ್ಟು, "ಚೂರು ನೀರು ಬೆಚ್ಚಗೆ ಮಾಡ್ಕೊಂಡು ಬಾ, ಮುಖ ಒರೆಸೋಣ," ಎಂದಳು. ಇಬ್ಬರೂ ಸೇರಿ ಒರೆಸಿದರು.

ಮರುದಿನವೇ ಗಂಡ ಅಮ್ಮನನ್ನು ಮತ್ತೆ ಎತ್ತಿಕೊಂಡು ಮೂರು ಮಹಡಿ ಹತ್ತಿದ. "ಊರಿಗೆಲ್ಲ ಲಿಫ್ಟ್ ಸರಿಮಾಡ್ತೀನಿ, ನನ್ನ ಮನೆಗೆ ನಾನೇ ಲಿಫ್ಟು," ಎಂದು ಏದುಸಿರಿನ ನಡುವೆ ಗೊಣಗಿದ. ನಾದಿನಿ ವಾರದಲ್ಲಿ ಒಂದೆರಡು ಸಂಜೆ ಬಂದು ಅಮ್ಮನ ಕಾಲು ಒತ್ತುವುದೆಂದಾಯಿತು. ಬಂದಾಗ ಅವಳು ಏನೂ ಆಜ್ಞೆ ಮಾಡುತ್ತಿರಲಿಲ್ಲ ಎಂದರೆ ಸುಳ್ಳು, ಆದರೆ ಕಡಿಮೆ ಮಾಡಿದಳು. ಮನೆ ಮತ್ತೆ ಭಾರವಾಯಿತು. ಬಕೆಟ್ಟುಗಳು ತುಂಬಿದವು, ಕಾಫಿ ನಿಂತುಕೊಂಡೇ ಮುಗಿಯಿತು. ಸೊಸೆ ಒಳಗೆ ಕಾಲಿಟ್ಟಾಗಲೆಲ್ಲ ಆ ಮಾತು ಬರುತ್ತಲೇ ಇತ್ತು. ಅವಳು ಈಗ ಅದಕ್ಕೆ ಓಗೊಡುತ್ತಿದ್ದಳು, "ಬಂದೆ, ಬಂದೆ" ಎಂದು. ಅದನ್ನು ಕೇಳಿ ಚೂಟಿ ನಗುತ್ತಿದ್ದಳು. ಸೊಸೆಯ ಒಳಗಿನ ಮುಳ್ಳು ಮಾತ್ರ ಹಾಗೆಯೇ ಇತ್ತು.

ಒಂದು ರಜೆಯ ದಿನ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಾವ ಕ್ಷೌರಕ್ಕೆ ಹೋಗಿದ್ದರು, ಗಂಡನಿಗೆ ಯಾವುದೋ ಕಟ್ಟಡದಿಂದ ಕರೆ ಬಂದಿತ್ತು, ಚೂಟಿ ಟ್ಯೂಷನ್ನಿಗೆ ಹೋಗಿದ್ದಳು. ಸೊಸೆ ಅತ್ತೆಯ ಎಡಗೈಯ ಉಗುರು ಕತ್ತರಿಸುತ್ತಿದ್ದಳು. ಕತ್ತರಿಸುತ್ತಲೇ, ತಲೆಯೆತ್ತದೆ ಕೇಳಿದಳು.

"ಅತ್ತೆ, ನಿಜ ಹೇಳಿ. ನಿಮಗೆ ನನ್ನ ಮೇಲೆ ಇನ್ನೂ ಸಿಟ್ಟಿದೆಯಾ? ಆಗಿಂದು?"

ಅವಳು ಹೆಬ್ಬೆರಳು ಮುಗಿಸಿ ತೋರುಬೆರಳಿಗೆ ಬಂದಳು. ಅತ್ತೆ ಮೇಲ್ಛಾವಣಿ ನೋಡುತ್ತ, ಹೊಲಿಯುವ ಮುಂಚೆ ಬಟ್ಟೆಯ ಉದ್ದ ಅಂದಾಜು ಮಾಡುತ್ತಿದ್ದ ಹಾಗೆ, ಬಹಳ ಹೊತ್ತು ಯೋಚಿಸಿದರು.

"ಹೂಂ," ಎಂದರು.

ಸೊಸೆಯ ಕೈ ನಿಂತಿತು. ಇಷ್ಟು ದಿನ ಎಲ್ಲರೂ ಸೇರಿ ಹುಡುಕಿದ ಅರ್ಥ ಅಷ್ಟು ಸಣ್ಣ ಶಬ್ದದಲ್ಲಿ ಸಿಕ್ಕಿಬಿಟ್ಟಿತು. ಕಣ್ಣು ತುಂಬಿ ಬಂತು. ಎದ್ದು ಹೋಗೋಣ ಎಂದು ಮೊಣಕಾಲಿಗೆ ಕೈಯೂರಿದಳು. ಅಷ್ಟರಲ್ಲಿ ಅತ್ತೆಯ ಎಡಗೈ ಅವಳ ಮಣಿಕಟ್ಟನ್ನು ಹಿಡಿದುಕೊಂಡಿತು. ಎಷ್ಟೋ ವರ್ಷ ಹೊಲಿಗೆಯ ಬಟ್ಟೆ ಹಿಡಿದೆಳೆದ ಕೈ. ಅದರಲ್ಲಿ ಇನ್ನೂ ಬಲವಿತ್ತು.

"ಕೂ," ಎಂದರು ಅತ್ತೆ. ಬಾಯಿ ಒದ್ದಾಡಿತು. "ಕೂತ್ಕೋ."

ಆ ‘ಹೂಂ’ ಬಿಟ್ಟರೆ ಅವಳಿಗೆಂದು ಅವರು ಆಡಿದ ಬೇರೆಯ ಮಾತು ಅದೊಂದೇ. ಸೊಸೆ ಕೂತಳು. ಆಚೆ ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು, ಅದು ಸ್ಟಾರ್ಟ್ ಆಗುತ್ತಿರಲಿಲ್ಲ.

"ನನಗೂ ಇದೆ ಸಿಟ್ಟು," ಎಂದಳು.

ಅತ್ತೆ ತಲೆದೂಗಿದರು, ಅದು ತಮಗೆ ಗೊತ್ತಿರುವ ಸಂಗತಿಯೇ ಎನ್ನುವ ಹಾಗೆ. ಕೈ ಬಿಡಲಿಲ್ಲ.

ಬಾಗಿಲು ತಳ್ಳಿಕೊಂಡು ಚೂಟಿ ಬಂದಳು. ಭುಜದ ಚೀಲ ಎಸೆದು ಕೋಣೆಗೆ ಇಣುಕಿದವಳು, ಅಜ್ಜಿಯ ಕೈಯೊಳಗೆ ಅಮ್ಮನ ಕೈ, ಅಮ್ಮನ ಕೆನ್ನೆಯ ಮೇಲೆ ನೀರು ನೋಡಿ ಅಲ್ಲೇ ನಿಂತಳು.

"ಏನಾಯ್ತಮ್ಮ? ಅಜ್ಜಿ ಮತ್ತೆ ಏನಾದ್ರೂ ಅಂದ್ರಾ?"

"ಅಂದ್ರು."

"ಏನು?"

ಸೊಸೆ ಬಾಯಿ ತೆರೆದಳು. ಏನೆಂದು ಹೇಳುವುದು? ಎರಡು ಮಾತು ಆಡಿದ್ದರು, ಎರಡೂ ಸ್ಪಷ್ಟವಾಗಿದ್ದವು, ಎರಡನ್ನೂ ಜೋಡಿಸಿದರೆ ಏನಾಗುತ್ತದೋ ಅವಳಿಗೆ ತಿಳಿಯಲಿಲ್ಲ.

"ಗೊತ್ತಾಗ್ಲಿಲ್ಲ ಕಣೇ," ಎಂದಳು. ಮತ್ತೆ ಹಾಸಿಗೆಯ ಮೇಲೆ ಸ್ವಲ್ಪ ಸರಿದು, ಕಾಲು ಮೇಲಿಟ್ಟುಕೊಂಡು ಸರಿಯಾಗಿ ಕೂತಳು.